ಮುತ್ತು ಬಿಚ್ಚಿದವರ ಪಾಲು

ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಮಂದಿ ಈಗ ಬಸ್ಸು, ಟ್ರ್ಯಾಕ್ಟರುಗಳಲ್ಲೂ ಬರುತ್ತಾರೆ. ಭಂಡಾರ, ಪಡ್ಡಲಗಿ ತುಂಬುವುದು, ‘ಉಧೋ ಉಧೋ’ ಕೂಗು ಮಾತ್ರ ಹಾಗೇ ಇವೆ. ಹೊಸದನ್ನು ಹಳೆಯದರೊಳಗೆ ಕೂಡಿಸಿಕೊಳ್ಳುವುದು ಈ ಸೀಮೆಗೆ ಕಷ್ಟವಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಡುವ ದೇವದಾಸಿ ಪದ್ಧತಿಯ ವಿಷಯದಲ್ಲಿ ಈ ಸೀಮೆ ಎಷ್ಟು ಬದಲಾಯಿತು ಎಂಬುದೇ ನಿಜವಾದ ಪರೀಕ್ಷೆ.

ಇಲ್ಲಿಗೆ ಮೊದಲು ಬಂದದ್ದು ಕಾನೂನು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಜಾರಿಯಾಯಿತು. ಕರ್ನಾಟಕದ 1982ರ ಕಾಯ್ದೆ ಇನ್ನೂ ಬಿಗಿಯಾಗಿತ್ತು. ಹೆತ್ತವರೇ ಮುತ್ತು ಕಟ್ಟಿಸಿದರೆ ಐದು ವರ್ಷದವರೆಗೆ ಜೈಲು ಎಂದು ಅದು ವಿಧಿಸಿತು. ಬಹಿರಂಗವಾಗಿ ನಡೆಯುತ್ತಿದ್ದುದಕ್ಕೆ ಇದು ತಡೆಯಾಯಿತು. ಸಣ್ಣ ಸಾಧನೆಯಲ್ಲ.

ಆದರೆ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಬಡ ಮನೆಯವರು. ಗಂಡುಮಗನಿಲ್ಲದ ಮನೆಯಲ್ಲಿ ಮಗಳೇ ಮುಪ್ಪಿನ ಆಸರೆ ಎಂಬ ಲೆಕ್ಕವೂ ಭಕ್ತಿಯ ಜೊತೆಗಿತ್ತು. ಆ ಲೆಕ್ಕವನ್ನು ಜೈಲಿನ ಹೆದರಿಕೆ ಅಳಿಸಲಾರದು; ಬೇರೆ ಆಸರೆ ಬೇಕು. ನೀರು ಆ ಆಸರೆಯಾಗಬಹುದಿತ್ತು. ಗುಡ್ಡಕ್ಕೆ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಿಂದ ಕಾಲುವೆಗಳು ಎರೆಹೊಲಗಳಿಗೆ ನೀರು ಹರಿಸಿದವು. ಗೋವಿನಜೋಳ, ಕಬ್ಬು ಬಂದವು. ಹೊಲವಿದ್ದವರ ಬದುಕು ಹಸನಾಯಿತು. ಹೊಲವೇ ಇಲ್ಲದವರ ಪಾಲಿಗೆ ಉಳಿದದ್ದು ಕೂಲಿ. ಈ ಸೀಮೆಯ ಆಧುನಿಕತೆಯ ದೊಡ್ಡ ಕೊರತೆ ಇದು: ಪದ್ಧತಿಯನ್ನು ಒಂದು ಇಲಾಖೆ ನಿಷೇಧಿಸಿತು, ನೀರನ್ನು ಇನ್ನೊಂದು ಹಂಚಿತು, ಎರಡೂ ಒಂದೇ ಮನೆಯ ಪ್ರಶ್ನೆ ಎಂದು ಯಾರೂ ನೋಡಲಿಲ್ಲ.

ನೋಡಿದವರು ಆ ಹೆಣ್ಣುಮಕ್ಕಳೇ. ಇದೇ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಶುರುವಾದ ‘ಮಾಸ್’ ಸಂಸ್ಥೆಯನ್ನು ಮಾಜಿ ದೇವದಾಸಿಯರೇ ನಡೆಸಿಕೊಂಡು ಬಂದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸ್ವಸಹಾಯ ಸಂಘ, ಉಳಿತಾಯ, ಮಕ್ಕಳ ಶಾಲೆ ಎಂದು ಅವರು ಹಿಡಿದ ದಾರಿ ಪೊಲೀಸರ ದಾರಿಗಿಂತ ನಿಧಾನ, ಆದರೆ ಗಟ್ಟಿ. ಮುತ್ತು ಕಟ್ಟಿಸಿಕೊಂಡವಳೇ ಮನೆಬಾಗಿಲಿಗೆ ಬಂದು ಬೇಡವೆಂದರೆ ತಾಯಿ ಕಿವಿಗೊಡುತ್ತಾಳೆ.

ಸರಕಾರದ 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರಿಗೆ ಮಾಸಾಶನ ಕೊಟ್ಟರೆ ಋಣ ತೀರುವುದಿಲ್ಲ. ಗುಡ್ಡದ ಅಭಿವೃದ್ಧಿಗೆಂದೇ 2024ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಅಲ್ಲಿ ಏಳುವ ಅಂಗಡಿ, ಊಟದ ಮನೆ, ವಸತಿಗೃಹಗಳ ದುಡಿಮೆಯಲ್ಲಿ ಮೊದಲ ಹಕ್ಕು ಈ ಹೆಣ್ಣುಮಕ್ಕಳಿಗೆ ಸಿಗಬೇಕು. ಅವರ ಹೆಸರಿಗೆ ಹೊಲ, ಮನೆಯ ಉತಾರವೂ ಆಗಬೇಕು. ಅಲ್ಲಿಯವರೆಗೆ ಇಲ್ಲಿನ ಸುಧಾರಣೆ ಅರ್ಧವೇ.