‘ಮೆಮೊರೀಸ್’: ಒಂದು ಸಂಕಲನಚಿತ್ರದ ಸ್ವಾರಸ್ಯವಿಚಾರ

ದೀರ್ಘವಾದ ಕೃತಿಗೆ ಸಲ್ಲುವ ಗೌರವವು ಬಿಡಿಯಾದ ಕಿರುಕೃತಿಗಳಿಗೂ ಸಲ್ಲಬೇಕೆ ಎಂಬ ಪ್ರಶ್ನೆ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಮುಕ್ತಕ, ಕುಲಕ, ಕೋಶ, ಸಂಘಾತಗಳನ್ನು ಹೆಸರಿಸಿ, ಅವು ಸರ್ಗಬಂಧದ ಅಂಶಗಳೇ ಆದುದರಿಂದ ಬೇರೆಯಾಗಿ ವಿವರಿಸಿಲ್ಲವೆಂದು ಹೇಳಿ ಮುಂದೆ ಸಾಗುತ್ತಾನೆ. ಆನಂದವರ್ಧನನ ದೃಷ್ಟಿ ಬೇರೆ. ಅಮರುಕವಿಯ ಮುಕ್ತಕಗಳು ರಸಪುಷ್ಟಿಯಲ್ಲಿ ಪ್ರಬಂಧಗಳಿಗೆ ಸಮನಾದುವೆಂದು ಆತನು ‘ಧ್ವನ್ಯಾಲೋಕ’ದಲ್ಲಿ ಎತ್ತಿಹೇಳಿರುವನು. ಒಬ್ಬನಿಗೆ ಕಿರಿದು ಹಿರಿದರ ಅಂಗ. ಮತ್ತೊಬ್ಬನಿಗೆ ಅದು ತಾನೇ ಪೂರ್ಣವಾದ ವಸ್ತು. ಈ ಎರಡು ದೃಷ್ಟಿಗಳನ್ನು ಮುಂದಿಟ್ಟುಕೊಂಡು ನಮ್ಮ ಕಾಲದ ಕಲಾಪ್ರಕಾರವೊಂದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಆ ಪ್ರಕಾರವೆಂದರೆ ಅನಿಮೇಷನ್ ಎಂದು ರೂಢಿಯಲ್ಲಿ ಕರೆಯುವ, ಬರೆದ ಚಿತ್ರಗಳಿಗೆ ಚಲನೆಯನ್ನು ಕೊಟ್ಟು ಮಾಡಿದ ಚಲಚ್ಚಿತ್ರಗಳಲ್ಲಿ, ಹಲವು ವಿಜ್ಞಾನಕಥೆಗಳನ್ನು ಒಂದೇ ಹೆಸರಿನ ಕೆಳಗೆ ಕೂಡಿಸಿದ ಸಂಕಲನಚಿತ್ರ. ಇಂತಹ ಚಿತ್ರಗಳನ್ನು ಪ್ರೀತಿಯಿಂದ ನೋಡುವವರು ಬಹಳ ಮಂದಿ ಇರುವರು. ಆದರೆ ವಿಮರ್ಶಕರು ಇವನ್ನು ‘ಮೂರರಲ್ಲಿ ಒಂದು ಚೆನ್ನಾಗಿದೆ, ಒಂದು ಸಾಧಾರಣ’ ಎಂದು ಅಂಕವಿಟ್ಟು ಮುಗಿಸುವುದೇ ಹೆಚ್ಚು. ಬಿಡಿಗಳನ್ನು ಹೀಗೆ ತೂಗುವುದರಿಂದ ಕೂಟದ ಗುಣ ತಿಳಿಯದೆ ಹೋಗುತ್ತದೆ. ಕಥೆಗಳು ಒಂದರ ಪಕ್ಕದಲ್ಲಿ ಒಂದು ನಿಂತಾಗ ಮಾತ್ರ ಹುಟ್ಟುವ ಅರ್ಥವೇ ಸಂಕಲನಚಿತ್ರದ ನಿಜವಾದ ಸ್ವಾರಸ್ಯವೆಂಬುದು ನಮ್ಮ ಅಭಿಪ್ರಾಯ. ಇದನ್ನು 1995ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ತೆರೆಕಂಡ ‘ಮೆಮೊರೀಸ್’ ಎಂಬ ಚಿತ್ರದಿಂದ ತೋರಿಸಬಹುದು.

‘ಅಕಿರ’ (1988) ಚಿತ್ರದಿಂದ ಪ್ರಸಿದ್ಧರಾದ ಕತ್ಸುಹಿರೊ ಓಟೊಮೊ ಅವರ ಕಥೆಗಳೇ ಈ ಚಿತ್ರದ ಮೂರು ಭಾಗಗಳಿಗೂ ಮೂಲ. ನಿರ್ದೇಶಕರು ಮಾತ್ರ ಮೂವರು. ‘ಮ್ಯಾಗ್ನೆಟಿಕ್ ರೋಸ್’ ಎಂಬ ಮೊದಲನೆಯ ಭಾಗವನ್ನು ಕೋಜಿ ಮೊರಿಮೊಟೊ ಅವರು ನಿರ್ದೇಶಿಸಿದರು. ಅದರ ಚಿತ್ರಕಥೆಯನ್ನು ಬರೆದವರು ಮುಂದೆ ಸ್ವತಂತ್ರ ನಿರ್ದೇಶಕರಾಗಿ ಕೀರ್ತಿ ಪಡೆದು 2010ರಲ್ಲಿ ತೀರಿಕೊಂಡ ಸತೋಷಿ ಕೋನ್ ಅವರು. ಎರಡನೆಯದಾದ ‘ಸ್ಟಿಂಕ್ ಬಾಂಬ್’ ತೆನ್ಸಾಯ್ ಒಕಾಮುರ ಅವರದು. ಮೂರನೆಯದಾದ ‘ಕ್ಯಾನನ್ ಫಾಡರ್’ ಸ್ವತಃ ಓಟೊಮೊ ಅವರದು. ಈ ಭಾಗಗಳ ನಡುವೆ ಪಾತ್ರಗಳಾಗಲಿ, ಕಾಲದೇಶಗಳಾಗಲಿ ಪರಸ್ಪರ ಸಂಬಂಧವುಳ್ಳವಲ್ಲ.

ಮೊದಲನೆಯ ಕಥೆಯ ಕಾಲ 2092. ಬಾಹ್ಯಾಕಾಶದಲ್ಲಿ ಹಾಳುಬಿದ್ದ ನೌಕೆಗಳನ್ನು ಹೆಕ್ಕುವ ‘ಕೊರೋನ’ ಎಂಬ ನೌಕೆಗೆ ಆಪತ್ಕರೆಯೊಂದು ಕೇಳಿಬರುತ್ತದೆ. ಅದನ್ನು ಅನುಸರಿಸಿ ಹೋದ ಹೈಂಟ್ಸ್ ಮತ್ತು ಮಿಗೆಲ್ ಎಂಬಿಬ್ಬರು ಐರೋಪ್ಯ ಅರಮನೆಯಂತೆ ಸಿಂಗರಿಸಿದ ಒಂದು ನಿಲ್ದಾಣವನ್ನು ಹೊಗುವರು. ಅದು ಈವಾ ಎಂಬ ಗಾಯಕಿಯದು. ಅವಳು ಸತ್ತು ಎಷ್ಟೋ ಕಾಲವಾಗಿದೆ. ಆದರೆ ಅವಳ ನೆನಪುಗಳನ್ನು ಯಂತ್ರವು ಇನ್ನೂ ನಡೆಸುತ್ತಿದೆ. ಮಿಗೆಲ್‌ನನ್ನು ಅದು ಅವಳ ಪ್ರಿಯನನ್ನಾಗಿ ಮಾಡಿಕೊಳ್ಳುತ್ತದೆ. ಹೈಂಟ್ಸನ ಮುಂದೆ ಅವನು ಕಳೆದುಕೊಂಡ ಮಗಳನ್ನೇ ತಂದು ನಿಲ್ಲಿಸುತ್ತದೆ. ಇಲ್ಲಿ ಕೇಳಿಬರುವ ಗಾನ ಪುಚೀನಿಯ ‘ಮಡಾಮ ಬಟರ್‌ಫ್ಲೈ’ (1904) ಎಂಬ ಸಂಗೀತನಾಟಕದ್ದು. ಇಟಲಿಯ ಸಂಗೀತಗಾರನೊಬ್ಬನು ಬಾರದ ಗಂಡನಿಗಾಗಿ ನಾಗಸಾಕಿಯಲ್ಲಿ ಕಾಯುವ ಜಪಾನೀ ಹೆಣ್ಣನ್ನು ಕಲ್ಪಿಸಿದನು. ಜಪಾನಿನ ಕಲಾವಿದರು ಅದೇ ಗಾನವನ್ನು, ಯಾರೂ ಬಾರದ ಆಕಾಶದಲ್ಲಿ ಕಾಯುವ ಐರೋಪ್ಯ ಗಾಯಕಿಗೆ ಮರಳಿ ಕೊಟ್ಟರು. ಕೊನೆಗೆ ಹೈಂಟ್ಸನು ಶೂನ್ಯದಲ್ಲಿ ಗುಲಾಬಿಯ ಎಸಳುಗಳ ನಡುವೆ ತೇಲುತ್ತಿರುವಾಗ ಕಥೆ ನಿಲ್ಲುತ್ತದೆ. ಮೂರರಲ್ಲಿ ಇದೇ ಉತ್ತಮವೆಂಬ ಲೋಕಾಭಿಪ್ರಾಯವನ್ನು ನಾವು ವಿರೋಧಿಸುವುದಿಲ್ಲ.

ಕರುಣರಸವು ಹೀಗೆ ತುಂಬಿದ ಮೇಲೆ ಎರಡನೆಯ ಕಥೆ ಹಾಸ್ಯವಾಗಿರುವುದು ಹಲವರಿಗೆ ರಸಭಂಗವೆನಿಸಿದೆ. ಯಮನಾಶಿ ಪ್ರಾಂತದ ಔಷಧಸಂಸ್ಥೆಯೊಂದರ ನೌಕರನಾದ ನೊಬುವೊ ತನಕ, ನೆಗಡಿಗೆಂದು ತಪ್ಪು ಮಾತ್ರೆಯನ್ನು ನುಂಗುವನು. ನಿದ್ದೆ ತಿಳಿದೆದ್ದಾಗ ಸುತ್ತಲಿನವರೆಲ್ಲ ಬಿದ್ದಿರುವರು. ಅವನ ಮೈಯಿಂದ ಹೊರಡುವ ವಾಸನೆಯೇ ಮಾರಕಾಸ್ತ್ರವಾಗಿದೆ. ಅದು ಅವನಿಗೆ ಮಾತ್ರ ತಿಳಿಯದು. ಔಷಧವನ್ನೂ ಕಾಗದಪತ್ರಗಳನ್ನೂ ಟೋಕಿಯೊ ನಗರಕ್ಕೆ ತರಬೇಕೆಂಬ ಮೇಲಧಿಕಾರಿಯ ಅಪ್ಪಣೆಯನ್ನು ಅವನು ಚಾಚೂತಪ್ಪದೆ ಪಾಲಿಸುವನು. ಅವನು ಹೋದ ದಾರಿಯಲ್ಲಿ ಚಳಿಗಾಲದಲ್ಲಿಯೇ ಹೂಗಳು ಅರಳುತ್ತವೆ, ಜನರು ಸಾಯುತ್ತಾರೆ; ಸೈನ್ಯದ ಆಯುಧಗಳು ಅವನ ಮುಂದೆ ನಿಷ್ಫಲವಾಗುತ್ತವೆ. ಜಪಾನೀ ಭಾಷೆಯಲ್ಲಿ ಈ ಕಥೆಯ ಹೆಸರೇ ಒಂದು ಶ್ಲೇಷೆ: ಕಿವಿಗೆ ‘ಕೊನೆಯ ಅಸ್ತ್ರ’ವೆಂದು ಕೇಳಿಸುವುದನ್ನು ‘ಅತ್ಯಂತ ನಾರುವ ಅಸ್ತ್ರ’ವೆಂದು ಬರೆದಿದೆ. ಒಂಟಿಯಾಗಿ ನೋಡಿದರೆ ಇದು ಸ್ವಲ್ಪ ಉದ್ದವಾದ ನಗೆಕಥೆ; ಓಡಾಟದ ಭಾಗಗಳನ್ನು ಮೊಟಕುಮಾಡಬಹುದಾಗಿತ್ತು. ಆದರೆ ಇದರ ಸ್ಥಾನಬಲವು ಮೂರನೆಯದನ್ನು ನೋಡಿದಮೇಲೆ ತಿಳಿಯತಕ್ಕದ್ದು.

ಮೂರನೆಯ ಕಥೆಯ ಜಪಾನೀ ಹೆಸರಿನ ಅರ್ಥ ‘ಫಿರಂಗಿಯ ಊರು’. ಆ ಊರಿನ ಮನೆಮನೆಯ ಮೇಲೂ ಫಿರಂಗಿಗಳಿವೆ. ತಂದೆ ಫಿರಂಗಿಗೆ ಮದ್ದುಗುಂಡು ತುಂಬುವವನು, ತಾಯಿ ಮದ್ದುಗುಂಡಿನ ಕಾರ್ಖಾನೆಯ ಕೆಲಸದವಳು, ಮಗನು ಶಾಲೆಯಲ್ಲಿ ಕಲಿಯುವುದು ಗುಂಡಿನ ಗತಿಯ ಗಣಿತ. ಶತ್ರುವಿನ ಊರು ಒಮ್ಮೆಯೂ ಕಾಣುವುದಿಲ್ಲ. ಯಾರ ಮೇಲೆ ಯುದ್ಧವೆಂದು ಹುಡುಗನು ಕೇಳಿದರೆ, ದೊಡ್ಡವನಾದಮೇಲೆ ತಿಳಿಯುವುದೆಂದು ತಂದೆ ಹೇಳಿ ಸುಮ್ಮನಾಗುತ್ತಾನೆ. ಸುಮಾರು ಇಪ್ಪತ್ತು ನಿಮಿಷಗಳ ಈ ಭಾಗವು ಎಲ್ಲಿಯೂ ಕಡಿಯದ ಒಂದೇ ದೃಶ್ಯದಂತೆ ಹರಿಯುತ್ತದೆ. ಇದು ಕೇವಲ ಕೈಚಳಕವಲ್ಲ. ದೃಶ್ಯವು ಕಡಿಯದಿರುವುದರಿಂದ ಆ ಊರಿನಿಂದ ಹೊರಗೆ ಹೋಗುವ ಬಾಗಿಲೂ ನೋಡುವವನಿಗೆ ಸಿಗುವುದಿಲ್ಲ.

ಈಗ ಮೂರನ್ನೂ ಕೂಡಿಸಿ ನೋಡೋಣ. ಸಂಕಲನದ ಹೆಸರಿಗೆ ‘ನೆನಪುಗಳು’ ಎಂದು ಅರ್ಥ. ಆ ಹೆಸರು ಮೊದಲನೆಯ ಕಥೆಗೆ ಮಾತ್ರ ಒಪ್ಪುವುದೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿದರೆ ಮೂರರಲ್ಲಿಯೂ ಒಂದೇ ಪ್ರಶ್ನೆ ಇದೆ. ಈವಾಳ ಯಂತ್ರಕ್ಕೆ ನೆನಪು ಉಂಟು, ವಿವೇಕವಿಲ್ಲ. ಒಡತಿ ಸತ್ತರೂ ಅವಳ ಆಸೆಯನ್ನು ನೆರವೇರಿಸುತ್ತಲೇ ಇರುವುದು. ತನಕನಿಗೆ ಅಪ್ಪಣೆ ಮಾತ್ರ ನೆನಪು. ಕಣ್ಣೆದುರಿನ ಹೆಣಗಳಿಂದ ಅವನು ಏನನ್ನೂ ಕಲಿಯುವುದಿಲ್ಲ. ಫಿರಂಗಿಯ ಊರಿಗೆ ನೆನಪೇ ಅಳಿದಿದೆ, ಉಳಿದಿರುವುದು ದಿನಚರಿ. ಯಂತ್ರದ ವಿಧೇಯತೆ, ನೌಕರನ ವಿಧೇಯತೆ, ಸಮಾಜದ ವಿಧೇಯತೆ ಎಂದು ಕ್ರಮವಾಗಿ ಏರುವ ಮೆಟ್ಟಿಲುಗಳಿವು. ನಡುವಣ ನಗೆಕಥೆಯನ್ನು ತೆಗೆದುಹಾಕಿದರೆ ಯಂತ್ರದಿಂದ ಸಮಾಜಕ್ಕೆ ದಾಟುವ ಮೆಟ್ಟಿಲೇ ಕಳಚುತ್ತದೆ. ಒಳ್ಳೆಯ ನೌಕರನಾದ ಸಾಮಾನ್ಯ ಮನುಷ್ಯನೇ ಆ ಮೆಟ್ಟಿಲು. ಅವನನ್ನು ನೋಡಿ ನಕ್ಕ ನಾವು, ಫಿರಂಗಿಯ ಊರಿನ ತಂದೆಯನ್ನು ನೋಡಿ ನಗಲಾರೆವು.

ದೀರ್ಘಚಿತ್ರದಲ್ಲಿ ಇದು ಏಕೆ ಸಾಧ್ಯವಾಗದು? ದೀರ್ಘಕಥೆಯು ತನ್ನ ಲೋಕಕ್ಕೆ ಕಾರಣ ಹೇಳಬೇಕು; ಯುದ್ಧ ಹೇಗೆ ಹುಟ್ಟಿತು, ಹೇಗೆ ಮುಗಿಯಿತು ಎಂಬುದನ್ನು ನಿರ್ವಹಿಸಬೇಕು; ಬಹುಮಟ್ಟಿಗೆ ನಾಯಕನೊಬ್ಬನನ್ನು ಗೆಲ್ಲಿಸಬೇಕು. ಕಿರುಕಥೆಯು ‘ಹೀಗಿದ್ದರೆ?’ ಎಂಬ ಒಂದು ಊಹೆಯನ್ನು ಮುಂದಿಟ್ಟು, ಪ್ರಶ್ನೆ ತೆರೆದ ಕಡೆಯಲ್ಲಿಯೇ ನಿಲ್ಲಬಹುದು. ಇದಕ್ಕೆ ಬರೆದ ಚಿತ್ರವು ವಿಶೇಷವಾಗಿ ಅನುಕೂಲವಾದುದು. ಇದರಲ್ಲಿ ಮೊದಲೇ ಇದ್ದ ಊರಾಗಲಿ ಮುಖವಾಗಲಿ ಇಲ್ಲ. ಕಾಣುವುದೆಲ್ಲವೂ ಕೈಯಿಂದ ನಿರ್ಣಯವಾದುದೇ. ಆದಕಾರಣ ರೇಖೆ ಬದಲಾದರೆ ಲೋಕವೇ ಬದಲಾಗುತ್ತದೆ. ಮೊದಲನೆಯದರ ಸೂಕ್ಷ್ಮವಾದ ಅಲಂಕಾರವನ್ನು ಬಿಟ್ಟು ಮೂರನೆಯದರ ಮಸಿಹಿಡಿದ, ಭಾರವಾದ ಆಕಾರಗಳಿಗೆ ಬಂದಾಗ, ವಿವರಣೆಯ ಮಾತೊಂದೂ ಇಲ್ಲದೆ ನಾವು ಬೇರೊಂದು ನಿಯಮದ ಕೆಳಗೆ ಬಂದೆವೆಂದು ತಿಳಿಯುತ್ತೇವೆ. ಹೊಸ ಲೋಕದ ನಿಯಮವನ್ನು ಕಲಿಯುವ ಸಂತೋಷವೇ ವಿಜ್ಞಾನಕಥೆಯ ಮೊದಲ ಆಕರ್ಷಣೆ; ಸಂಕಲನವು ಅದನ್ನು ಮರಳಿಮರಳಿ ಕೊಡುತ್ತದೆ.

ಆದರೆ ವೈವಿಧ್ಯವೊಂದೇ ಸಾಲದು. ‘ರೋಬೋಟ್ ಕಾರ್ನಿವಲ್’ (1987) ಚಿತ್ರದಲ್ಲಿ ಒಂಬತ್ತು ಭಾಗಗಳಿಗೂ ಯಂತ್ರಮಾನವನೇ ವಸ್ತು. ಬಿಡಿಯಾಗಿ ಸೊಗಸಾದುವು ಹಲವಿದ್ದರೂ ಅವುಗಳ ಕ್ರಮವನ್ನು ಬದಲಾಯಿಸಿದರೆ ಹೆಚ್ಚು ನಷ್ಟವಿಲ್ಲ. ವಸ್ತುವಿನ ಐಕ್ಯವಿದೆ, ಪ್ರಶ್ನೆಯ ಐಕ್ಯವಿಲ್ಲ. ‘ದಿ ಆನಿಮೇಟ್ರಿಕ್ಸ್’ (2003) ಎಂಬ ಒಂಬತ್ತು ಭಾಗಗಳ ಸಂಕಲನವಾದರೋ ‘ದಿ ಮೇಟ್ರಿಕ್ಸ್’ (1999) ಚಿತ್ರದ ಲೋಕವನ್ನು ಆಶ್ರಯಿಸಿದುದು. ದಂಡಿಯ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇದರ ಹಲವು ಭಾಗಗಳು ದೊಡ್ಡ ಕಥೆಗೆ ಬರೆದ ಟೀಕೆಯಂತಿವೆ. ಆದರೂ ಅದರಲ್ಲಿಯೇ ಮೊರಿಮೊಟೊ ಅವರ ‘ಬಿಯಾಂಡ್’ ಎಂಬ ಭಾಗವು, ಕಳೆದ ಬೆಕ್ಕನ್ನು ಹುಡುಕುತ್ತ ಹೋದ ಹುಡುಗಿಯು ಪ್ರಕೃತಿನಿಯಮಗಳು ತಪ್ಪಿದ ಪಾಳುಮನೆಯೊಂದನ್ನು ಕಾಣುವ ಕಥೆಯು, ಮೂಲವನ್ನು ಅರಿಯದವನಿಗೂ ರಸವನ್ನು ಕೊಡುತ್ತದೆ. ಆಶ್ರಯದಲ್ಲಿದ್ದೂ ಮುಕ್ತಕವಾಗಿ ನಿಲ್ಲಬಲ್ಲುದು ಇಂತಹುದು.

ಆದುದರಿಂದ ಸಂಕಲನಚಿತ್ರವನ್ನು ಅಳೆಯಲು ಎರಡು ಪರೀಕ್ಷೆಗಳು ಸಾಕು. ಪ್ರತಿಯೊಂದು ಭಾಗವೂ ಉಳಿದವುಗಳ ನೆರವಿಲ್ಲದೆ ನಿಲ್ಲಬಲ್ಲುದೆ? ಒಂದನ್ನು ತೆಗೆದರೆ ಉಳಿದವುಗಳ ಅರ್ಥ ಕುಂದುವುದೆ? ಮೊದಲನೆಯದು ಆನಂದವರ್ಧನನ ಪಕ್ಷ, ಎರಡನೆಯದು ದಂಡಿಯ ಪಕ್ಷಕ್ಕೆ ಸಮೀಪವಾದುದು. ‘ಮೆಮೊರೀಸ್’ ಎರಡರಲ್ಲಿಯೂ ಗೆಲ್ಲುತ್ತದೆ. ಹಣದ ಮಿತಿಯಿಂದಲೋ ಕಾಲದ ಮಿತಿಯಿಂದಲೋ ದೀರ್ಘಕೃತಿಯನ್ನು ಮಾಡಲಾರದವರು ಹಿಡಿಯುವ ಅಡ್ಡದಾರಿಯೆಂದು ಈ ಪ್ರಕಾರವನ್ನು ಕೀಳಾಗಿ ಕಾಣುವವರು, ಫಿರಂಗಿಯ ಊರಿನ ಹುಡುಗನ ಪ್ರಶ್ನೆಗೆ ಉತ್ತರವನ್ನು ಕೊಡದಿರುವ ಧೈರ್ಯ ಎಷ್ಟು ದೀರ್ಘಚಿತ್ರಗಳಿಗೆ ಇದೆಯೆಂಬುದನ್ನು ಮೊದಲು ಆಲೋಚಿಸಬೇಕು.