ಗಡಿಗೆ ಸರಳ ಬಹುಮತ ಸಾಕು

ಆನ್‌ಲೈನ್ ಸಮುದಾಯಗಳು ತಮ್ಮ ಆಡಳಿತಕ್ಕೆ ಸಂವಿಧಾನ ಬರೆದುಕೊಳ್ಳುವಾಗ ತಿದ್ದುಪಡಿಯ ಅಧ್ಯಾಯಕ್ಕೆ ಬಂದರೆ ಮೂರನೇ ಎರಡು ಬಹುಮತ ಎಂದು ಬರೆದು ಮುಂದೆ ಹೋಗುತ್ತವೆ. ನಮ್ಮ ಸಂವಿಧಾನದ 368ನೇ ವಿಧಿಯ ನೆನಪು ಅದು. ಚೆನ್ನಮ್ಮನ ತವರಾದ ಕಾಕತಿಯಲ್ಲಿ ಕೂತು ಓದಿದರೆ ಕಣ್ಣು ನಿಲ್ಲುವುದು 4ನೇ ವಿಧಿಯ ಮೇಲೆ. ರಾಜ್ಯದ ಗಡಿ ಬದಲಿಸುವ ಕಾನೂನು 368ರ ಅರ್ಥದಲ್ಲಿ ತಿದ್ದುಪಡಿಯೇ ಅಲ್ಲ ಎನ್ನುತ್ತದೆ ಅದು. ಸರಳ ಬಹುಮತ ಸಾಕು. 3ನೇ ವಿಧಿ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಿಸುತ್ತದೆ ನಿಜ. 1955ರ ಐದನೇ ತಿದ್ದುಪಡಿ ಅದಕ್ಕೂ ಗಡುವು ಹಾಕಲು ಅವಕಾಶ ಕೊಟ್ಟಿತು. ಸಂಸತ್ತು ಆ ಅಭಿಪ್ರಾಯಕ್ಕೆ ಕಟ್ಟುಬೀಳಬೇಕಿಲ್ಲ ಎಂಬುದು ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ತೀರ್ಮಾನವಾಯಿತು.

ಇದನ್ನು ಬರೀ ದಬ್ಬಾಳಿಕೆ ಎಂದು ಬೈಯುವುದು ಕನ್ನಡಿಗರಿಗೆ ಸುಲಭವಲ್ಲ. ರಾಜ್ಯದ ಒಪ್ಪಿಗೆ ಕಡ್ಡಾಯವಾಗಿದ್ದರೆ 1956ರಲ್ಲಿ ಬೆಳಗಾವಿಯನ್ನು ಬಿಟ್ಟುಕೊಡದಿರುವ ಅಧಿಕಾರ ಮುಂಬಯಿ ರಾಜ್ಯದ ಕೈಯಲ್ಲಿರುತ್ತಿತ್ತು. ಏಕೀಕರಣ ನಡೆದದ್ದೇ ಈ ಸಡಿಲ ಬಾಗಿಲಿನಿಂದ. ಅದೇ ಕಾಯ್ದೆಯಲ್ಲಿ ಬೆಳಗಾವಿಯ ಚಂದಗಡ ತಾಲ್ಲೂಕು ಅತ್ತ ಉಳಿಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಹಾಗೆ ಹೋದದ್ದರಿಂದಲೇ ಎಡನೀರು ಮಠದ ಜಮೀನು ಕೇರಳದ ಭೂಸುಧಾರಣೆಗೆ ಸಿಕ್ಕಿತು. ಕೇಶವಾನಂದ ಭಾರತಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳು 7–6ರಿಂದ, ಸಂವಿಧಾನದ ಮೂಲರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂದರು. ಸರಳ ಬಹುಮತದ ಗಡಿಗೆರೆಯೊಂದು ತಿದ್ದುಪಡಿಯ ಮಿತಿಯನ್ನೇ ಗುರುತಿಸಿಕೊಟ್ಟಂತಾಯಿತು.

ನನ್ನ ತಕರಾರು ಬೇರೆಯದು. 3ನೇ ವಿಧಿ ಶಾಸನಸಭೆಯನ್ನು ಕೇಳುತ್ತದೆ, ಊರನ್ನು ಕೇಳುವುದಿಲ್ಲ. ಖಾನಾಪುರದ ಹಳ್ಳಿಯ ಮಾತು ರಾಜಧಾನಿಯ ಮಾತಿನೊಳಗೇ ಕರಗಬೇಕು. 1967ರ ಮಹಾಜನ್ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ದಾವೆ ಹೂಡಿತು. ಅಲ್ಲಿಯೂ ವಾದಿ-ಪ್ರತಿವಾದಿಗಳು ಸರ್ಕಾರಗಳೇ.

ಆನ್‌ಲೈನ್ ಸಮುದಾಯದಲ್ಲಿ ಗಡಿ ಎಂದರೆ ಸದಸ್ಯತ್ವ: ಯಾರು ಒಳಗೆ, ಯಾವ ಗುಂಪು ಯಾವುದರಲ್ಲಿ ವಿಲೀನ. ಇದನ್ನು ಹೆಚ್ಚಾಗಿ ನಿರ್ವಾಹಕರ ದಿನನಿತ್ಯದ ಕೆಲಸವೆಂದು ಬಿಡುತ್ತಾರೆ, ಮುನ್ನುಡಿಯ ಪದ ಬದಲಿಸಲು ಮಾತ್ರ ಮೂರನೇ ಎರಡು ಬಹುಮತ ಬೇಕು. ತಿರುವುಮುರುವು. ವಿಲೀನವಾಗಲಿರುವ ಗುಂಪಿನ ಮತಗಳನ್ನು ಪ್ರತ್ಯೇಕವಾಗಿ ಎಣಿಸಬೇಕು, ಅಲ್ಲಿಯೂ ಬಹುಮತ ಬರಬೇಕು. ರಾತ್ರೋರಾತ್ರಿ ಹೊಸ ಖಾತೆಗಳು ಹುಟ್ಟಿಕೊಳ್ಳುತ್ತವಲ್ಲ ಎಂದು ಕೇಳಬಹುದು. ಪ್ರಸ್ತಾವ ಬಂದ ದಿನಕ್ಕಿಂತ ಮೊದಲು ಸೇರಿದವರಿಗಷ್ಟೇ ಮತ ಎಂದು ನಿಯಮದಲ್ಲೇ ಬರೆದಿಡಬೇಕು.