ಗಣಕದ ಲಿಪಿಕಾರ: ಕನ್ನಡ ಬೆರಳಚ್ಚಿನ ತಂತ್ರಾಂಶಗಳನ್ನು ಕುರಿತು

ಸಲಕರಣೆಯ ಯೋಗ್ಯತೆಯನ್ನು ಅದು ಮಾಡುವ ಕೆಲಸದಿಂದ ಅಳೆಯಬೇಕೆಂಬುದು ಸರ್ವಸಮ್ಮತವಾದ ಮಾತು. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವುದಕ್ಕಾಗಿ ಹುಟ್ಟಿದ ತಂತ್ರಾಂಶಗಳ ವಿಷಯದಲ್ಲಿ ಮಾತ್ರ ಈ ಅಳತೆ ಬಹುಕಾಲ ಅರ್ಧಕ್ಕೇ ನಿಂತಿತು. ಅಕ್ಷರ ತೆರೆಯ ಮೇಲೆ ದುಂಡಾಗಿ ಮೂಡಿತೆ, ಕಾಗದದ ಮೇಲೆ ಅಂದವಾಗಿ ಅಚ್ಚಾಯಿತೆ ಎಂಬಿಷ್ಟನ್ನೇ ನೋಡಿ ನಾವು ತೃಪ್ತರಾದೆವು. ಹಾಗೆ ಬರೆದದ್ದು ಇಪ್ಪತ್ತು ವರ್ಷಗಳ ಮೇಲೆ ಬೇರೊಂದು ಯಂತ್ರದಲ್ಲಿ ಕನ್ನಡವಾಗಿಯೇ ತೆರೆದುಕೊಂಡೀತೆ, ಅದರಲ್ಲಿ ಒಂದು ಪದವನ್ನು ಹುಡುಕಿದರೆ ದೊರೆತೀತೆ ಎಂಬ ಪ್ರಶ್ನೆಗಳು ಹಿಂದೆ ಬಿದ್ದವು. ಸಂಶೋಧಕನಿಗೆ ಮುಖ್ಯವಾದವು ಈ ಹಿಂದೆ ಬಿದ್ದ ಪ್ರಶ್ನೆಗಳೇ.

ಮೊದಲು ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಬೇಕು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡ ವರ್ಣಮಾಲೆಯ ತರ್ಕವನ್ನೇ ಅನುಸರಿಸಿದೆ. ಅಲ್ಪಪ್ರಾಣಕ್ಕೂ ಅದರ ಮಹಾಪ್ರಾಣಕ್ಕೂ ಒಂದೇ ಕೀಲಿ; ವ್ಯಂಜನದ ಮೇಲೆ ಸ್ವರವನ್ನು ಒತ್ತಿದರೆ ಗುಣಿತಾಕ್ಷರ ತಾನಾಗಿ ಸಿದ್ಧವಾಗುತ್ತದೆ. ಬೆರಳಚ್ಚು ಯಂತ್ರದಲ್ಲಿ ಕೊಂಬು, ಇಳಿ, ಒತ್ತುಗಳನ್ನು ಬಿಡಿಬಿಡಿಯಾಗಿ ಜೋಡಿಸುತ್ತಿದ್ದವರಿಗೆ ಇದು ಎಂತಹ ಬಿಡುಗಡೆಯಾಗಿತ್ತೆಂಬುದನ್ನು ಊಹಿಸಬಹುದು. 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ ‘ಬರಹ’ ತಂತ್ರಾಂಶವೂ ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವೂ ಕನ್ನಡದ ಬರವಣಿಗೆಯನ್ನು ಮನೆಮನೆಯ ಗಣಕಕ್ಕೆ ತಲುಪಿಸಿದವು. ಈ ಉಪಕಾರವನ್ನು ಮರೆತು ಮಾಡಿದ ವಿಮರ್ಶೆ ನ್ಯಾಯವಾಗಲಾರದು.

ದೋಷವಿದ್ದದ್ದು ಬರೆಯುವ ಕ್ರಮದಲ್ಲಲ್ಲ, ಬರೆದದ್ದನ್ನು ಕೂಡಿಡುವ ಕ್ರಮದಲ್ಲಿ. ಆ ಕಾಲದ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಲಾಗಿತ್ತು. ನುಡಿಯ ಹಳೆಯ ಕ್ರಮದಲ್ಲಿ ‘ಕ’ ಎಂಬುದು ಎರಡು ತುಂಡು: ಒಡಲು ಒಂದು, ತಲೆಕಟ್ಟು ಇನ್ನೊಂದು. ‘ಕಿ’ ಎಂಬುದಕ್ಕೆ ಪ್ರತ್ಯೇಕವಾದ ಬೇರೆಯೇ ಸಂಕೇತ. ಕಣ್ಣಿಗೆ ಒಂದೇ ವ್ಯಂಜನದ ಎರಡು ರೂಪಗಳಾಗಿ ಕಾಣುವ ಇವು ಯಂತ್ರದ ಪಾಲಿಗೆ ಪರಸ್ಪರ ಸಂಬಂಧವೇ ಇಲ್ಲದ ಗುರುತುಗಳು. ಅಲ್ಲಿ ಉಳಿದದ್ದು ಅಕ್ಷರದ ಚಿತ್ರ, ಅಕ್ಷರವಲ್ಲ. ಅಂತಹ ಕಡತದಿಂದ ಅಕಾರಾದಿಯನ್ನು ಮಾಡುವುದಾಗಲಿ ಪದಗಳ ಪ್ರಯೋಗವನ್ನು ಎಣಿಸುವುದಾಗಲಿ ನೇರವಾಗಿ ಸಾಧ್ಯವಿಲ್ಲ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅದು ರೋಮನ್ ಚಿಹ್ನೆಗಳ ರಾಶಿಯಾಗಿ ಮಾತ್ರ ತೋರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಡನೆ ಅದನ್ನು ಸಾಮಾನ್ಯ ಬಳಕೆದಾರನ ಕೈಗೆ ತಂದಿತು. ಬರಹ, ನುಡಿ ಎರಡೂ ಮುಂದೆ ಯೂನಿಕೋಡನ್ನು ಅಳವಡಿಸಿಕೊಂಡವು. ಇಲ್ಲಿ ಸಂಕೇತವಿರುವುದು ಆಕಾರಕ್ಕಲ್ಲ, ವರ್ಣಕ್ಕೆ. ಹಳಗನ್ನಡದ ಱ, ೞಗಳಿಗೂ ಅದರಲ್ಲಿ ಎಡೆಯಿದೆ. ನಕಾರಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರಿತು. ಆದರೆ ಈ ವ್ಯವಸ್ಥೆಯೂ ನಿರ್ದೋಷವೆಂದು ಭಾವಿಸಬಾರದು. ೞಕಾರಕ್ಕೆ ಆರಂಭದಲ್ಲಿ ‘ಫ’ ಎಂಬ ಧ್ವನಿಯನ್ನು ಸೂಚಿಸುವ ಹೆಸರನ್ನು ತಪ್ಪಾಗಿ ಕೊಡಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಅದರ ಪಕ್ಕದಲ್ಲಿ ತಿದ್ದುಪಡಿಯಾಗಿ ನಿಂತಿದೆ.

ಈಗ ನಮ್ಮ ಮುಂದಿರುವ ಕಾರ್ಯ ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತರುವುದು. ಇದನ್ನು ಮಾಡುವ ಪರಿವರ್ತಕಗಳನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಲಿಪಿಕಾರರೆಂದೇ ಕರೆಯಬಹುದು. ಓಲೆಯ ಲಿಪಿಕಾರನಂತೆ ಇವೂ ತಪ್ಪುತ್ತವೆ. ಆದರೆ ಅವನಂತೆ ಆಲಸ್ಯದಿಂದಲ್ಲ, ನಿಯಮದಿಂದ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಪಲ್ಲಟವನ್ನು ಸರಿಯಾಗಿ ಮಾಡದ ಪರಿವರ್ತಕ ‘ಧರ್ಮ’ವನ್ನು ಕೆಡಿಸುತ್ತದೆ. ಕಡತದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಕನ್ನಡದ ಖಂಡಗಳೆಂದು ಬಗೆದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುವುದೂ ಉಂಟು. ಬೆರಳಚ್ಚುಗಾರನು ಅನುಸ್ವಾರಕ್ಕೆ ಬದಲಾಗಿ ಸೊನ್ನೆಯ ಅಂಕಿಯನ್ನು ಒತ್ತಿದ್ದರೆ ಆ ಪ್ರಮಾದ ಹೊಸ ಪ್ರತಿಯಲ್ಲಿಯೂ ಉಳಿಯುತ್ತದೆ. ಒಂದು ಬಗೆಯಲ್ಲಿ ಇದು ಅನುಕೂಲವೇ: ಯಂತ್ರದ ತಪ್ಪು ಎಲ್ಲೆಡೆ ಒಂದೇ ತೆರನಾದದ್ದರಿಂದ ಒಮ್ಮೆ ಗುರುತಿಸಿದರೆ ಎಲ್ಲೆಡೆ ತಿದ್ದಬಹುದು.

ಯೂನಿಕೋಡಿನ ಒಳಗೂ ಕಣ್ಣಿಗೆ ಕಾಣದ ಪಾಠಾಂತರಗಳಿವೆ. ‘ಕೋ’ ಎಂಬಲ್ಲಿನ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಮೂರು ಚಿಹ್ನೆಗಳ ಜೋಡಣೆಯಾಗಿಯೂ ಕೂಡಿಡಬಹುದು. ಓದುವವನಿಗೆ ಎರಡೂ ಒಂದೇ; ಇವನ್ನು ಏಕರೂಪಕ್ಕೆ ತರದ ತಂತ್ರಾಂಶದಲ್ಲಿ ಹುಡುಕಿದರೆ ಒಂದು ದೊರೆತು ಇನ್ನೊಂದು ತಪ್ಪಿಹೋಗುತ್ತದೆ. ‘ಸೂರ್ಯ’ ಪದವನ್ನು ಅರ್ಕಾವತ್ತಿಲ್ಲದೆ ಯಕಾರದ ಒತ್ತಿನಿಂದ ಬರೆಯಬೇಕಾದರೆ ರಕಾರದ ಮುಂದೆ ಕಾಣದ ಜೋಡಕವೊಂದನ್ನು ಸೇರಿಸಬೇಕಾಗುತ್ತದೆ. ಆಗ ಅದು ಯಂತ್ರಕ್ಕೆ ಬೇರೆ ಪದವೇ ಆಗಬಹುದು. ಆದುದರಿಂದ ‘ಈ ಪದ ಈ ಕಾವ್ಯದಲ್ಲಿ ಇಷ್ಟು ಸಲ ಬಂದಿದೆ’ ಎಂಬ ಗಣಕದ ಲೆಕ್ಕವನ್ನು ಪರಿಶೀಲಿಸದೆ ಪ್ರಮಾಣವೆಂದು ಉದಾಹರಿಸುವುದು ಯುಕ್ತವಲ್ಲ.

ಇಷ್ಟರಿಂದ ಅನುಸರಣೀಯವಾದ ಕ್ರಮವೊಂದು ಹೊರಡುತ್ತದೆ. ಕಡತದ ಪ್ರತಿಯೊಂದನ್ನು ತೆರೆದು ಅಕ್ಷರಶೈಲಿಯನ್ನು ‘ತುಂಗಾ’ಕ್ಕೆ ಬದಲಾಯಿಸಿ ನೋಡಬೇಕು. ಕನ್ನಡ ಕನ್ನಡವಾಗಿಯೇ ನಿಂತರೆ ಅದು ಯೂನಿಕೋಡ್. ರೋಮನ್ ಚಿಹ್ನೆಗಳಾದರೆ ಹಳೆಯ ಸಂಕೇತ. ಹಳೆಯದಾದರೆ ಮೂಲವನ್ನು ಮುಟ್ಟದೆ ಇರಿಸಿ, ಅದರ ರೂಪ ಸಾಕ್ಷಿಯಾಗಿರುವಂತೆ ಪಿಡಿಎಫ್ ಪ್ರತಿಯೊಂದನ್ನು ತೆಗೆದಿಟ್ಟು, ಆಮೇಲೆ ಪರಿವರ್ತಿಸಬೇಕು. ಪರಿವರ್ತಿತ ಪಾಠದಲ್ಲಿ ಅರ್ಕಾವತ್ತುಗಳನ್ನೂ ಪದಮಧ್ಯದ ಸೊನ್ನೆಗಳನ್ನೂ ಇಂಗ್ಲಿಷ್ ಪದಗಳ ಎಡೆಗಳನ್ನೂ ಹುಡುಕಿ ಪಿಡಿಎಫ್ ಪ್ರತಿಯೊಡನೆ ಹೋಲಿಸಬೇಕು. ಸರಳ ಪಠ್ಯವಾಗಿ ಉಳಿಸುವಾಗ ಯುಟಿಎಫ್-8 ಕ್ರಮವನ್ನೇ ಆರಿಸಬೇಕು. 2019ರ ವಿಂಡೋಸ್ 10ರ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿ ಇದನ್ನು ಆರಿಸುತ್ತದೆ. ಅದಕ್ಕೆ ಹಿಂದಿನವುಗಳಲ್ಲಿ ಎಚ್ಚರಿಕೆಯನ್ನು ಲಕ್ಷಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಚಿಹ್ನೆಗಳಾಗಿಬಿಡುತ್ತದೆ, ಅದನ್ನು ಮರಳಿ ಪಡೆಯಲು ದಾರಿಯಿಲ್ಲ.

ಓಲೆಗರಿಯನ್ನು ಹುಳು ತಿಂದರೆ ತಿಂದ ತೂತಾದರೂ ಕಾಣುತ್ತದೆ. ಗಣಕದ ಕಡತ ತೆರೆಯುವವರೆಗೂ ಸುಸ್ಥಿತಿಯಲ್ಲಿರುವಂತೆ ತೋರುತ್ತದೆ. ಹಳೆಯ ಸಂಕೇತದಲ್ಲಿ ಸಿದ್ಧವಾದ ಪ್ರೌಢಪ್ರಬಂಧಗಳೂ ಶಾಸನಪಾಠಗಳೂ ಪದಸೂಚಿಗಳೂ ಬರೆದವರ ಬಳಿಯಲ್ಲಿ ಇಂದಿಗೂ ಉಳಿದಿವೆ. ಅವನ್ನು ಬರೆದವರು, ಬೆರಳಚ್ಚಿಸಿದವರು ನಮ್ಮೊಡನಿರುವಾಗಲೇ ಪರಿವರ್ತಿಸಿ ಒಪ್ಪನೋಡಿದರೆ ಸಂದೇಹ ಬಂದೆಡೆಯಲ್ಲಿ ಕೇಳಿ ತಿಳಿಯಬಹುದು. ತಡಮಾಡಿದರೆ ಮುಂದಿನವರಿಗೆ ನಾವು ಬಿಡುವುದು ಗ್ರಂಥವನ್ನಲ್ಲ, ಊಹಾಪಾಠಗಳನ್ನು.